ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಿಗೆ ಏನು ಹೇಳಿಕೊಡೋಣ?

ಜೆರಾಕ್ಸ್ ಅಂಗಡಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿನೂ ಹಾಕಿಕೊಡುತ್ತೇನೆ. ಹೋದ ವರ್ಷ ಸಿಇಟಿ (ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆ ನಡೆಯುತ್ತಿದ್ದಾಗ ಒಬ್ಬ ಹುಡುಗ ಬಂದ. ಅಪ್ಪ ಅಮ್ಮ ಇಬ್ಬರೂ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುವವರು. "ಅಣ್ಣ, ಸೀಟು ಸಿಕ್ಕಿದೆ, ಫೀ ಕಟ್ಟೋ ಚಲನ್ ತೆಗೆದುಕೊಡಿ" ಅಂದ. ಲಾಗಿನ್ ಆಗಿ ನೋಡಿದರೆ ಚಲನ್ನೇ ಇಲ್ಲ. ಹಿಂದಿನ ರಾತ್ರಿ ಮೊಬೈಲಲ್ಲಿ ಚಾಯ್ಸ್ 4 ಒತ್ತಿಬಿಟ್ಟಿದ್ದ. ಯಾಕಪ್ಪಾ ಅಂದರೆ, "ನಾನು ಹಾಕಿದ ಪಟ್ಟಿಯಲ್ಲಿ ನಾಲ್ಕನೇ ಕಾಲೇಜು ಸಿಕ್ಕಿತ್ತಲ್ಲ ಅಣ್ಣ, ಅದಕ್ಕೇ 4 ಒತ್ತಿದೆ" ಅಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಾಯ್ಸ್ 1 ಅಂದರೆ ಈ ಸೀಟು ಒಪ್ಪಿಗೆ, ಫೀ ಕಟ್ಟಿ ಸೇರುತ್ತೇನೆ. 2 ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಲ್ಲಿ ಇದಕ್ಕಿಂತ ಒಳ್ಳೆಯದು ಬರುತ್ತಾ ನೋಡೋಣ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. 4 ಅಂದರೆ ನನಗೆ ಏನೂ ಬೇಡ, ನಾನು ಹೊರಟೆ ಅಂತ. ಹುಡುಗ ದಡ್ಡನಲ್ಲ, ಫಿಸಿಕ್ಸಲ್ಲಿ ನನಗಿಂತ ಹತ್ತು ಪಾಲು ಜಾಣ. ಆದರೆ ಆ ರಾತ್ರಿ ಒಂದು ಫೋನ್ ಮಾಡಿ "ಅಣ್ಣ, ಇದು ಹೀಗಾ?" ಅಂತ ಕೇಳೋಕೆ ಅವನಿಗೆ ಇಡೀ ವಂಶದಲ್ಲಿ ಒಬ್ಬ ಇರಲಿಲ್ಲ. ಓದಿದವರ ಮನೆಯಲ್ಲಿ ಚಿಕ್ಕಪ್ಪನೋ ಸೋದರತ್ತೆ ಮಗನೋ ಯಾರಾದರೂ ಇರುತ್ತಾರೆ ನೋಡಿ. ವ್ಯತ್ಯಾಸ ಅಷ್ಟೇ.

ಸಂಕ್ರಾಂತಿ ಆದ ಮೇಲೆ ಪ್ರತಿ ಭಾನುವಾರ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ (ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿದ್ದಾರೆ) ಸೆಕೆಂಡ್ ಪಿಯು ಮಕ್ಕಳನ್ನು ಕೂರಿಸಿಕೊಳ್ಳೋಣ ಅಂತಿದ್ದೇನೆ. ಏನು ಹೇಳಿಕೊಡಬೇಕು, ಎಲ್ಲಿಂದ ಶುರು ಮಾಡಬೇಕು? ನಾನು ಓದಿದ್ದು ಪಿಯುವರೆಗೆ ಮಾತ್ರ, ಅದೂ ಇಂಗ್ಲಿಷ್ ಒಂದು ಉಳಿದುಹೋಗಿದೆ. ನಿಮಗೆ ತಿಳಿದದ್ದು ಹೇಳಿ.

ಪಿಯು ಮೇಡಂ, ಬಾಗೇಪಲ್ಲಿ

ಒಳ್ಳೆ ಕೆಲಸ. ಮೊದಲೇ ಒಂದು ಮಾತು. ದಯವಿಟ್ಟು ಸ್ಫೂರ್ತಿ ಭಾಷಣ ಮಾಡುವವರನ್ನು ಕರೆಸಬೇಡಿ. ನಮ್ಮ ಕಾಲೇಜಿಗೆ ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಸಾಯಂಕಾಲ ಬಸ್ಸಲ್ಲಿ ಮರೆಯುತ್ತಾರೆ. ಕನಸು ಅವರಿಗೆ ಜಾಸ್ತಿನೇ ಇದೆ. ಇಲ್ಲದೇ ಇರುವುದು ಕಾಗದ.

ಜನವರಿಯಲ್ಲೇ ಕಾಗದದಿಂದ ಶುರು ಮಾಡಿ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸಿ. ಒಂದರಲ್ಲಿ ಮುನಿಸ್ವಾಮಿ, ಇನ್ನೊಂದರಲ್ಲಿ ಮುನಿಸಾಮಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಇದೆಲ್ಲ ಜೂನ್‌ನಲ್ಲಿ ಗೊತ್ತಾದರೆ ಸರಿ ಮಾಡಿಸುವಷ್ಟರಲ್ಲಿ ಕೊನೇ ದಿನ ಮುಗಿದಿರುತ್ತದೆ. ಆಮೇಲೆ ಜಾತಿ, ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ ಆ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಸಿಇಟಿಗೂ ಅದೇ, ಸ್ಕಾಲರ್‌ಶಿಪ್‌ಗೂ ಅದೇ, ಹಾಸ್ಟೆಲ್ಲಿಗೂ ಅದೇ. ಎಷ್ಟೋ ಮನೆಯಲ್ಲಿ ಇರುವುದು ಅಣ್ಣನ ಹೆಸರಿನ ಹಳೇ ಪತ್ರ, ಅವಧಿ ಮುಗಿದದ್ದು.

ಇನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೇ ಓದಿರಬೇಕು. ನನ್ನ ಒಬ್ಬ ವಿದ್ಯಾರ್ಥಿನಿ ಏಳನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿ, ಎಂಟಕ್ಕೆ ಮಾತ್ರ ಅಜ್ಜಿ ಮನೆಯಲ್ಲಿದ್ದು ಟೌನಿನ ಶಾಲೆಗೆ ಹೋಗಿ, ಒಂಬತ್ತಕ್ಕೆ ಮತ್ತೆ ಹಳ್ಳಿಗೆ ಬಂದಿದ್ದಳು. ಆ ಒಂದು ವರ್ಷಕ್ಕೆ ಗ್ರಾಮೀಣ ಕೋಟಾ ಹೋಯಿತು. ಅದಕ್ಕೆ ಏನೂ ಮಾಡೋಕಾಗಲ್ಲ, ಆದರೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿ, ಫಾರಂನಲ್ಲಿ ಆ ಕಾಲಂಗೆ "ಇಲ್ಲ" ಅಂತ ಹಾಕಿ ಬಂದ ಮಕ್ಕಳನ್ನೂ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಓದಿದ ಪ್ರತಿ ಶಾಲೆಯ ಹೆಡ್ ಮಾಸ್ಟರ್ ಸಹಿ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಬೇಸಿಗೆ ರಜದಲ್ಲಿ ಹೆಡ್ ಮಾಸ್ಟರ್‌ಗಳನ್ನು ಹುಡುಕುವುದಕ್ಕಿಂತ ಈಗಲೇ ಮಾಡಿಸುವುದು ಸುಲಭ ಅಲ್ವಾ.

ಗೌರಿಬಿದನೂರು ಹಳಬ

ನನ್ನದೊಂದು ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಮಕ್ಕಳು ಕಲಿಯುವುದು ಯಾವಾಗ? ನಾನೂ ಮೊದಲ ತಲೆಮಾರು. ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ತಾಲ್ಲೂಕಿನ ಹೊಸೂರಿನ ಎಚ್ಚೆನ್ ಅವರು, ಎಚ್. ನರಸಿಂಹಯ್ಯನವರು, 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ನಡೆದುಕೊಂಡು ಹೋದರು. ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಈಗಿನವರ ಕೈಯಲ್ಲಿ ಮೊಬೈಲ್ ಇದೆ, ಹುಡುಕಿದರೆ ಎಲ್ಲಾ ಸಿಗುತ್ತದೆ.

ಹುಳುವಿನ ಮನೆ ಹುಡುಗಿ

ಹಳಬರೇ, ಎಚ್ಚೆನ್ ನಡೆದು ಹೋದದ್ದು ನಿಜ. ಆದರೆ ನಾನು ನಡೆದೆ, ನೀವೂ ನಡೀರಿ ಅಂತ ಅವರು ಹೇಳಲಿಲ್ಲ. ಅವರಿದ್ದ ನ್ಯಾಷನಲ್ ಶಿಕ್ಷಣ ಸಂಸ್ಥೆಯೇ ಗೌರಿಬಿದನೂರಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ನಡೆಸಿತು. ನಮ್ಮ ಕಡೆ ಮಕ್ಕಳು ಅಷ್ಟು ದೂರ ನಡೆಯದೇ ಇರಲಿ ಅಂತಲೇ ತಾನೇ?

ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಮನೆ. ಅಪ್ಪ ನಾಲ್ಕನೇ ಕ್ಲಾಸು, ಅಮ್ಮ ಶಾಲೆಗೇ ಹೋಗಿಲ್ಲ. ಪಿಯುನಲ್ಲಿ ಒಳ್ಳೆ ಮಾರ್ಕ್ಸ್ ಬಂತು, ಡಿಗ್ರಿಗೆ ಸೇರಿದೆ, ಎಲ್ಲರೂ ಖುಷಿ. ಕಾಗದ ಪತ್ರ ಎಲ್ಲಾ ಸರಿ ಇತ್ತು, ಯಾಕೆಂದರೆ ನಮ್ಮ ಪಿಯು ಕಾಲೇಜಿನ ಕ್ಲರ್ಕ್ ಒಬ್ಬರು ದೇವರಂಥವರು. ನಾನು ಬಿದ್ದದ್ದು ಸೇರಿದ ಮೇಲೆ.

ಮೊದಲ ಸೆಮಿಸ್ಟರ್. ನೋಟಿಸ್ ಬೋರ್ಡಲ್ಲಿ ಇಂಟರ್ನಲ್ ಟೆಸ್ಟ್ ಅಂತ ಹಾಕಿದ್ದರು. ಅದೇ ದಿನ ಮನೆಯಲ್ಲಿ ಹುಳು ಹಣ್ಣಾಯಿತು. ರೇಷ್ಮೆ ಮಾಡುವವರಿಗೆ ಗೊತ್ತು, ನಾಲ್ಕು ಜ್ವರ (ಪೊರೆ ಕಳಚುವುದು) ಮುಗಿಸಿ ಹುಳು ಹಣ್ಣಾದರೆ ಅದು ಯಾರಿಗೂ ಕಾಯಲ್ಲ. ಮೈ ಹಳದಿ ಪಾರದರ್ಶಕ ಆಗಿ, ತಲೆ ಎತ್ತಿ ಆಡಿಸುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡಬೇಕು. ಬೆಳಿಗ್ಗೆ ಐದಕ್ಕೆ ಶುರುವಾದರೆ ರಾತ್ರಿವರೆಗೂ ಮನೆಯ ಎಲ್ಲರ ಕೈಯೂ ಬೇಕು, ಪಕ್ಕದ ಮನೆಯವರ ಕೈಯೂ ಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಗೂಡು ಹಾಳಾಗುತ್ತದೆ. ಅಪ್ಪ "ಇವತ್ತೊಂದಿನ ಇರಮ್ಮ" ಅಂದರು. ಇಂಟರ್ನಲ್ ಅಂದರೆ ಶಾಲೆಯ ಕಿರುಪರೀಕ್ಷೆ ಥರ, ಆಮೇಲೆ ಬರೆದರಾಯಿತು ಅಂದುಕೊಂಡು ನಾನೂ ಉಳಿದೆ. ಆ ಅಂಕ ಫೈನಲ್ಲಿಗೆ ಸೇರುತ್ತದೆ ಅಂತ ನನಗೆ ಗೊತ್ತಾಗಿದ್ದು ರಿಸಲ್ಟ್ ದಿನ. ಹಾಜರಾತಿ ಶೇ 75 ಇರಬೇಕು ಅಂತ ಗೊತ್ತಾಗಿದ್ದು ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ.

ಲೆಕ್ಚರರ್ ಹತ್ತಿರ ಮೊದಲೇ ಹೋಗಿ "ಸರ್, ಮನೆಯಲ್ಲಿ ಹೀಗಿದೆ" ಅಂತ ಹೇಳಬಹುದಿತ್ತು ಅನ್ನೋದೇ ತಲೆಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಮೇಷ್ಟ್ರ ಹತ್ತಿರ ಮಾತಾಡೋದು ಅಂದರೆ ತಪ್ಪು ಮಾಡಿದಾಗ ಮಾತ್ರ. ನಂತರ ಗೊತ್ತಾಯಿತು, ನನ್ನ ಕ್ಲಾಸಿನಲ್ಲೇ ಒಬ್ಬಳು ಅಕ್ಕನ ಮದುವೆ ಅಂತ ಮೊದಲೇ ಪತ್ರ ಕೊಟ್ಟು ಇನ್ನೊಂದು ದಿನ ಬರೆದಿದ್ದಳು. ಅವಳ ಅಪ್ಪ ಹೈಸ್ಕೂಲ್ ಮೇಷ್ಟ್ರು. ಮೊಬೈಲಲ್ಲಿ ಹುಡುಕಿದರೆ ಎಲ್ಲಾ ಸಿಗುತ್ತೆ ಅಂತೀರಿ ಹಳಬರೇ. ಏನನ್ನು ಹುಡುಕಬೇಕು ಅಂತ ಮೊದಲು ಗೊತ್ತಿರಬೇಕಲ್ಲ?

ಜೆರಾಕ್ಸ್ ಅಣ್ಣ, ಒಂದು ಭಾನುವಾರ ಬರೀ ಈ ಪದಗಳಿಗೇ ಇಡಿ. ಸೆಮಿಸ್ಟರ್, ಇಂಟರ್ನಲ್ಸ್, ಶಾರ್ಟೇಜ್, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ), ರೀವ್ಯಾಲ್ಯುಯೇಷನ್ (ಮರುಮೌಲ್ಯಮಾಪನ). ಕಾಲೇಜಲ್ಲಿ ಇವೆಲ್ಲ ಎಲ್ಲರಿಗೂ ಗೊತ್ತಿದೆ ಅನ್ನೋ ಥರ ಮಾತಾಡುತ್ತಾರೆ. ರಜಾ ಕೇಳುವ ಪತ್ರವನ್ನೂ ಒಂದು ಸಲ ಬರೆಸಿ.

ಬ್ಯಾಂಕ್ ಕೌಂಟರ್, ಚಿಕ್ಕಬಳ್ಳಾಪುರ

ಮೇಡಂ ಹೇಳಿದ ಪಟ್ಟಿಗೆ ನನ್ನದೊಂದು ಸೇರಿಸಿ. ಬ್ಯಾಂಕ್ ಖಾತೆ. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ನಮ್ಮ ಕೌಂಟರಿಗೆ ಬರುವವರಲ್ಲಿ ಜಾಸ್ತಿ ಜನರ ಸಮಸ್ಯೆ ಒಂದೇ. "ಆಧಾರ್ ಲಿಂಕ್ ಆಗಿದೆ ಸರ್" ಅಂತಾರೆ. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದು ಬೇರೆ, ಸರ್ಕಾರದ ದುಡ್ಡು ಬರಲು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ) ಸೀಡಿಂಗ್ ಆಗಿರುವುದು, ಅಂದರೆ ಈ ಆಧಾರಿನ ದುಡ್ಡು ಈ ಖಾತೆಗೇ ಅಂತ ದಾಖಲಾಗಿರುವುದು, ಬೇರೆ. ಕೊನೆಗೆ ಯಾವ ಖಾತೆಗೆ ಸೀಡಿಂಗ್ ಆಗಿದೆಯೋ ಅದಕ್ಕೇ ದುಡ್ಡು ಹೋಗುತ್ತದೆ. ಒಬ್ಬ ಹುಡುಗಿಯ ದುಡ್ಡು ಎರಡು ವರ್ಷ ಬೇರೆ ಕಡೆ ಹೋಗುತ್ತಿತ್ತು. ಎಲ್ಲಿಗೆ ಅಂದರೆ ಸಿಮ್ ಕೊಡುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆಗೆ. ಅವಳಿಗೆ ಆ ಖಾತೆ ಇದೆ ಅಂತಲೇ ಗೊತ್ತಿರಲಿಲ್ಲ. ದುಡ್ಡು ಅಲ್ಲೇ ಇತ್ತು, ಪುಣ್ಯ.

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ) ಪೋರ್ಟಲ್ಲಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿ ಬೇರೆ, ಹಾಸ್ಟೆಲ್ ಅರ್ಜಿ ಬೇರೆ. ಒಂದು ಹಾಕಿದರೆ ಇನ್ನೊಂದು ತಾನೇ ಆಗುತ್ತೆ ಅಂದುಕೊಳ್ಳುತ್ತಾರೆ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ. ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಇತ್ತು. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಅವರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯ ಇದೆ. ಹತ್ತನೇ ಕ್ಲಾಸು, ಪಿಯು ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಂಜಿ ಫೌಂಡೇಶನ್ ಕಡೆಯಿಂದ ವರ್ಷಕ್ಕೆ 30,000 ರೂಪಾಯಿ ಸಿಗುತ್ತದೆ, ಡಿಗ್ರಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಸಾಲ ಬೇಕಾದವರಿಗೂ ಒಂದು ಮಾತು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡ ಇಡಬೇಕಾಗಿಲ್ಲ. ಪಹಣಿ ತಗೊಂಡು ಬಡ್ಡಿಗೆ ಕೊಡುವವರ ಮನೆಗೆ ಹೋಗುವ ಮೊದಲು ಬ್ಯಾಂಕಿಗೆ ಬನ್ನಿ.

ಟೊಮೆಟೊ ಅಪ್ಪ, ಚಿಂತಾಮಣಿ

ಮಗಳ ಫೋನಲ್ಲಿ ಮಾತಾಡಿ ಬರೆಸುತ್ತಾ ಇದ್ದೀನಿ, ತಪ್ಪಿದ್ದರೆ ಕ್ಷಮಿಸಿ. ನಮ್ಮ ಹುಡುಗಿ ಸೈನ್ಸ್, ನರ್ಸಿಂಗ್ ಓದುತ್ತೀನಿ ಅಂತಾಳೆ. ಮೊನ್ನೆ ಊರಿಗೆ ಒಬ್ಬರು ಬಂದಿದ್ದರು. ಬೆಂಗಳೂರಲ್ಲಿ ಸೀಟು ಕೊಡಿಸುತ್ತೀನಿ, ಪರೀಕ್ಷೆ ಏನೂ ಬೇಡ, ಈಗಲೇ 20 ಸಾವಿರ ಮತ್ತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂದರು. ಟೊಮೆಟೊಗೆ ರೇಟ್ ಇತ್ತು, ದುಡ್ಡು ಕೈಯಲ್ಲಿತ್ತು, ಕೊಡೋಣ ಅಂತಿದ್ದೆ. ಹುಡುಗಿನೇ ತಡೆದಳು. ಇದು ಸರೀನಾ ಸಾರ್? ಇನ್ನೊಂದು, ಹೆಣ್ಣುಮಗು, ಅಷ್ಟು ದೂರ ಹೇಗೆ ಕಳಿಸೋದು? ಅವರಮ್ಮ ಒಪ್ಪುತ್ತಿಲ್ಲ.

ಪಿಯು ಮೇಡಂ, ಬಾಗೇಪಲ್ಲಿ

ಯಜಮಾನರೇ, ಕೊಡಬೇಡಿ. ಮಗಳು ತಡೆದದ್ದು ಒಳ್ಳೆಯದಾಯಿತು. ಬಿಎಸ್ಸಿ ನರ್ಸಿಂಗ್ ಸೀಟಿಗೂ ಈಗ ಸಿಇಟಿ ಬರೆಯಬೇಕು. ಪರೀಕ್ಷೆ ಬೇಡ ಅನ್ನುವವರ ಮಾತಿನಲ್ಲಿ ಅಲ್ಲೇ ಸುಳ್ಳಿದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಂತೂ ಯಾರ ಕೈಗೂ ಕೊಡಬೇಡಿ. ಪರಿಶೀಲನೆಗೆ ತೋರಿಸಿ ವಾಪಸ್ ತಗೊಳ್ಳಿ, ಕೊಡುವುದೇನಿದ್ದರೂ ಜೆರಾಕ್ಸ್. ಕಾಲೇಜುಗಳು ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಆದರೂ ಇಟ್ಟುಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ ಹೀಗೇ ಸೇರಿ, ಮೂರು ತಿಂಗಳಿಗೆ ಬೇಡ ಅಂತ ವಾಪಸ್ ಬಂದ. ಮಾರ್ಕ್ಸ್ ಕಾರ್ಡ್ ಬೇಕಾದರೆ ಉಳಿದ ವರ್ಷಗಳ ಫೀಸೂ ಕಟ್ಟು ಅಂದರು. ಅವನ ಒಂದು ವರ್ಷ ಅದರಲ್ಲೇ ಹೋಯಿತು.

ದೂರ ಕಳಿಸುವುದರ ಬಗ್ಗೆ. ನಾನು ಅಪ್ಪಂದಿರಿಗೆ ಹೇಳುವುದು ಒಂದೇ ಮಾತು. ನೀವು ಹೋಗಿ ನೋಡಬೇಡಿ, ಅಮ್ಮನನ್ನು ಕರೆದುಕೊಂಡು ಹೋಗಿ. ನೀವು ಹೋದರೆ ಕಟ್ಟಡ ನೋಡಿ ಬರುತ್ತೀರಿ. ಅಮ್ಮ ಆದರೆ ಹಾಸ್ಟೆಲ್ಲಿನ ಬಚ್ಚಲು ನೋಡುತ್ತಾರೆ, ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ ಕೇಳುತ್ತಾರೆ, ಅಡುಗೆಯವಳ ಜೊತೆ ಎರಡು ಮಾತಾಡುತ್ತಾರೆ, ಅಲ್ಲಿರುವ ಹುಡುಗಿಯರ ಮುಖ ನೋಡುತ್ತಾರೆ. ಒಂದು ಸಲ ಕಣ್ಣಾರೆ ನೋಡಿದ ಜಾಗಕ್ಕೆ ಕಳಿಸೋಕೆ ಅರ್ಧ ಭಯ ಹೋಗುತ್ತದೆ. ಶಕ್ತಿ ಯೋಜನೆ ಇದೆಯಲ್ಲ, ತಾಯಿ ಮಗಳಿಬ್ಬರಿಗೂ ಆಧಾರ್ ತೋರಿಸಿದರೆ ಟಿಕೆಟ್ ದುಡ್ಡಿಲ್ಲ. ಸಾಮಾನ್ಯ ಬಸ್ಸೇ ಹತ್ತಬೇಕು ಅಷ್ಟೆ. ಕೆಲವರು ಈ ಬಸ್ಸಿನ ಬಗ್ಗೆ ಏನೇನೋ ಅಂತಾರೆ. ನಮ್ಮ ತಾಲ್ಲೂಕಿನ ಎಷ್ಟೋ ಹುಡುಗಿಯರು ಡಿಗ್ರಿ ಓದುತ್ತಿರುವುದೇ ಆ ಉಚಿತ ಟಿಕೆಟ್ಟಿನಿಂದ. ಅದು ಬೇರೆ ವಿಷಯ, ಬಿಡಿ.

ಗೌರಿಬಿದನೂರು ಹಳಬ

ಹುಳು ಹಣ್ಣಾದ ಕಥೆ ಓದಿ ಸುಮ್ನೆ ಕೂತೆ. ಸರಿ ತಾಯಿ, ಹುಡುಕಿದರೆ ಸಿಗುತ್ತೆ ಅಂದದ್ದು ದುಡುಕಿ ಹೇಳಿದೆ. ಯಾರೂ ಹೇಳಿಕೊಡಲಿಲ್ಲ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನನ್ನ ಮೊದಲ ಡಿಗ್ರಿ ಅರ್ಜಿ ತುಂಬಿಕೊಟ್ಟದ್ದು ನಮ್ಮ ಊರಿನ ಪೋಸ್ಟ್ ಮಾಸ್ಟರು. ಬರೆಯುವಾಗ ಮರೆತೇ ಹೋಗಿತ್ತು.

ಆದರೂ ನನ್ನ ಅರ್ಧ ವಾದ ಬಿಡಲ್ಲ. ಅರ್ಜಿಯನ್ನು ಮಕ್ಕಳ ಕೈಯಲ್ಲೇ ತುಂಬಿಸಿ. ಪಾಸ್‌ವರ್ಡ್ ಅವರೇ ಹಾಕಲಿ, ಅವರ ನೋಟ್ ಬುಕ್ಕಲ್ಲೇ ಬರೆದಿಟ್ಟುಕೊಳ್ಳಲಿ. ಈಗ ಏನಾಗುತ್ತಿದೆ ಅಂದರೆ ಅಂಗಡಿಯವರ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ, ಪಾಸ್‌ವರ್ಡ್ ಅಂಗಡಿಯವರ ಹತ್ತಿರ ಇರುತ್ತದೆ, ಮುಂದಿನ ವರ್ಷ ನವೀಕರಣಕ್ಕೆ ಹೋದರೆ ಅಂಗಡಿಯೇ ಇರಲ್ಲ. ಜೆರಾಕ್ಸ್‌ನವರೇ, ನಿಮಗೆ ಅಂದದ್ದಲ್ಲ.

ಇನ್ನೊಂದು, ಎಲ್ಲರನ್ನೂ ಎಂಜಿನಿಯರಿಂಗಿಗೆ ತಳ್ಳಬೇಡಿ. ಪಕ್ಕದ ಸರ್ಕಾರಿ ಕಾಲೇಜಲ್ಲಿ ಬಿಕಾಂ ಓದಿ ಚೆನ್ನಾಗಿರುವವರು ಎಷ್ಟು ಜನ ಬೇಕು? ಡಿಗ್ರಿ ನಾಲ್ಕು ವರ್ಷ ಅಂತ ಹೆದರಿ ಕೂತವರೂ ಇದ್ದಾರೆ. 2024-25ರಿಂದ ಮತ್ತೆ ಮೂರೇ ವರ್ಷ ಆಗಿದೆ ಅಂತ ಹೇಳಿ ಅವರಿಗೆ.

ಜೆರಾಕ್ಸ್ ಅಂಗಡಿ, ಶಿಡ್ಲಘಟ್ಟ

ನನಗೇ ಅಂದದ್ದು ಅಂತ ಗೊತ್ತಾಯಿತು ಹಳಬರೇ, ಒಪ್ಪಿದೆ. ಸೀಸನ್ ಟೈಮಲ್ಲಿ ನೂರು ಜನ ನಿಂತಿರುತ್ತಾರೆ, ನನ್ನ ನಂಬರ್ ಹಾಕಿದರೆ ಬೇಗ ಮುಗಿಯುತ್ತದೆ. ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಒಂದು ಅರ್ಜಿಗೆ 50 ರೂಪಾಯಿ ತಗೊಳ್ಳುವವನು ಭಾನುವಾರ ಬಿಟ್ಟಿ ಕಲಿಸಿದರೆ ಸೋಮವಾರ ಗಿರಾಕಿ ಎಲ್ಲಿಂದ ಬರುತ್ತಾನೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಪ್ರಿಂಟಿಗೆ ಬರುತ್ತಾನೆ ಅಂದೆ.

ಲೈಬ್ರರಿಯಲ್ಲಿ ಒಂದು ಕಂಪ್ಯೂಟರ್ ಇದೆ, ನಾನು ಒಂದು ಲ್ಯಾಪ್‌ಟಾಪ್ ತರುತ್ತೇನೆ. ಹಳೇ ವರ್ಷದ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಹಾಕುವ) ಪುಟಗಳನ್ನು ಪ್ರಿಂಟ್ ಹಾಕಿ ಪೆನ್ಸಿಲಲ್ಲಿ ತುಂಬಿಸೋಣ ಅಂತ. ಯಾವ ಕಾಲೇಜು ಜಾಸ್ತಿ ಬೇಕೋ ಅದು ಮೇಲೆ. ಸಿಗುತ್ತೋ ಇಲ್ವೋ ಅಂತ ಹೆದರಿ ಬೇಕಾದದ್ದನ್ನು ಕೆಳಗೆ ಹಾಕಬಾರದು. ನಿಜವಾದ ಹಂಚಿಕೆಗೆ ಮೊದಲು ತೋರಿಸುವ ಅಣಕು ಹಂಚಿಕೆಯಲ್ಲಿ ಸಿಕ್ಕಿದ್ದು ಸೀಟಲ್ಲ, ಅದನ್ನು ನೋಡಿ ಪಟ್ಟಿ ಬದಲಾಯಿಸಬಹುದು. ನಾಲ್ಕು ಚಾಯ್ಸನ್ನು ಗೋಡೆಗೇ ಅಂಟಿಸುತ್ತೇನೆ.

ಸೆಕೆಂಡ್ ಪಿಯು

ಅಣ್ಣ ನಾನು ಬರಬಹುದಾ? ನಮ್ಮೂರು ಬಾಗೇಪಲ್ಲಿ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಎಲ್ಲಾ ಇಂಗ್ಲಿಷ್. ಕ್ಲಾಸಲ್ಲಿ ಅರ್ಥ ಆಗದಿದ್ದರೂ ಕೇಳೋಕೆ ಬಾಯಿ ಬರಲ್ಲ. ಡಿಗ್ರಿಯಲ್ಲಿ ಇನ್ನೂ ಜಾಸ್ತಿ ಇಂಗ್ಲಿಷ್ ಅಂತೆ. ಅದಕ್ಕೇ ಬೇಡ ಅನ್ನಿಸುತ್ತಿದೆ.

ಹುಳುವಿನ ಮನೆ ಹುಡುಗಿ

ತಮ್ಮಾ, ಖಂಡಿತ ಬಾ. ನಾನೂ ಅದೇ ಮೂರು ಭಾಷೆ. ಕ್ಲಾಸಲ್ಲಿ ಕೈ ಎತ್ತೋಕೆ ನನಗೆ ಎರಡು ವರ್ಷ ಬೇಕಾಯಿತು. ಆದರೆ ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ, ಕನ್ನಡದಲ್ಲೇ. ಯಾರೂ ಬೈಯಲಿಲ್ಲ. ಒಬ್ಬ ಸರ್ ಅಂತೂ ತೆಲುಗಲ್ಲೇ ಹೇಳಿದರು, ಅವರೂ ನಿಮ್ಮ ಕಡೆಯವರೇ ಅಂತ ಆಗ ಗೊತ್ತಾಯಿತು. ನೋಟ್ಸ್ ಪಕ್ಕದಲ್ಲಿ ಅರ್ಥವನ್ನು ಕನ್ನಡದಲ್ಲೇ ಬರಿ, ನಾಚಿಕೆ ಬೇಡ. ನನ್ನ ಹಳೇ ಪುಸ್ತಕದಲ್ಲಿ ಆಸ್ಮೋಸಿಸ್ ಪಕ್ಕ "ಒಣದ್ರಾಕ್ಷಿ ನೀರಲ್ಲಿ ಊದಿಕೊಳ್ಳೋದು" ಅಂತಿದೆ. ಬಿಎ ತಗೊಂಡರೆ ಪರೀಕ್ಷೇನೂ ಕನ್ನಡದಲ್ಲಿ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಇಷ್ಟವಾದ ವಿಷಯ ಮಾತ್ರ ಬಿಡಬೇಡ. ತಿಂಗಳಿಗೆ ಒಂದು ಭಾನುವಾರ ನಾನೂ ಊರಿಗೆ ಬರುತ್ತೇನೆ, ಲೈಬ್ರರಿಗೂ ಬರುತ್ತೇನೆ.

ಸೆಕೆಂಡ್ ಪಿಯು

ಥ್ಯಾಂಕ್ಸ್ ಅಕ್ಕ. ಜೆರಾಕ್ಸ್ ಅಣ್ಣ, ಅಪ್ಪನೂ ಬರಬೇಕಾ? ಅವರಿಗೆ ಸಹಿ ಬರಲ್ಲ. ಅದಕ್ಕೆ ಕಾಲೇಜ್ ಮೀಟಿಂಗಿಗೂ ಬರಲ್ಲ ಅಂತಾರೆ.

ಜೆರಾಕ್ಸ್ ಅಂಗಡಿ, ಶಿಡ್ಲಘಟ್ಟ

ಅಪ್ಪನನ್ನೂ ಕರೆದುಕೊಂಡು ಬಾ. ಇಂಕ್ ಪ್ಯಾಡ್ ನನ್ನ ಹತ್ತಿರ ಇದೆ, ಕೈ ಒರೆಸೋಕೆ ಬಟ್ಟೇನೂ ಇದೆ. ನಮ್ಮಪ್ಪನದೂ ಹೆಬ್ಬೆಟ್ಟೇ ಅಂತ ಹೇಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಚಿಂತಾಮಣಿ ಯಜಮಾನರೇ, ನಿಮಗೆ ಬೆಳಿಗ್ಗೆ ಮಂಡಿ ಇದ್ದರೆ ಮಧ್ಯಾಹ್ನ ಬನ್ನಿ, ನಾನು ನಾಲ್ಕರವರೆಗೂ ಇರುತ್ತೇನೆ. ಮಗಳ ಜೊತೆ ಅವರಮ್ಮನನ್ನೂ ಕರೆತನ್ನಿ.